ಜಾಯಿಂಟ್ ವೀಲ್ ಹತ್ತುವಾಗ, ಆಟ ನೋಡುವಾಗ ಫೋನ್ ಎಲ್ಲಿರಬೇಕು? ಜಾತ್ರೆಗೂ ಥೀಮ್ ಪಾರ್ಕಿಗೂ ಒಂದು ಸಮಗ್ರ ಮಾರ್ಗದರ್ಶಿ

ಕೊಪ್ಪಳದಲ್ಲಿ ಬನದ ಹುಣ್ಣಿಮೆ ಬಂತೆಂದರೆ ಗವಿಮಠದ ಜಾತ್ರೆ. ಪುಷ್ಯ ಬಹುಳ ಬಿದಿಗೆಯ ಸಂಜೆ ತೇರು ಎಳೆಯುತ್ತಾರೆ. ಆಮೇಲೆ ದಿನಗಟ್ಟಲೆ ಮೈದಾನದ ತುಂಬ ಅಂಗಡಿ, ದಾಸೋಹದ ರೊಟ್ಟಿ ಮಾದಲಿ, ಜಾಯಿಂಟ್ ವೀಲ್, ಕೊಲಂಬಸ್, ಬ್ರೇಕ್ ಡ್ಯಾನ್ಸ್. ಚಿಕ್ಕಂದಿನಿಂದ ನೋಡುತ್ತ ಬಂದ ಜಾತ್ರೆ ಇದು. ಆಗ ಜಾಯಿಂಟ್ ವೀಲ್ ಹತ್ತಿದರೆ ಎರಡೂ ಕೈ ಕಂಬಿ ಹಿಡಿದಿರುತ್ತಿದ್ದವು. ಈಗ ಒಂದು ಕೈಯಲ್ಲಿ ಫೋನ್.

ಎರಡು ವರ್ಷದ ಹಿಂದೆ ನಮ್ಮ ಭಾಗದ್ದೇ ಇನ್ನೊಂದು ಊರಿನ ಜಾತ್ರೆಗೆ ಹೋಗಿದ್ದೆ. ಅಕ್ಕನ ಮಗಳನ್ನು ಕರೆದುಕೊಂಡು ಜಾಯಿಂಟ್ ವೀಲ್ ಪಾಳಿಯಲ್ಲಿ ನಿಂತಿದ್ದೆ. ಮೇಲಿನ ತೊಟ್ಟಿಲಿನಿಂದ ಒಬ್ಬರ ಫೋನ್ ಜಾರಿತು. ತೊಟ್ಟಿಲಿನ ಬಾಗಿಲಿಗೆ ಕೊಂಡಿ ಹಾಕುವ ಹುಡುಗ ಒಂದು ಕ್ಷಣ ಮೊದಲಷ್ಟೇ ಪಕ್ಕಕ್ಕೆ ಸರಿದಿದ್ದ. ಅವನು ನಿಂತಿದ್ದ ತಗಡಿನ ಮೇಲೆ ಫೋನ್ ಬಿತ್ತು. ತಗಡಿನಲ್ಲಿ ಹೆಬ್ಬೆರಳಿನಷ್ಟು ತಗ್ಗು ಬಿತ್ತು. ಮೇಲಿಂದ ಬಂದ ಮೊದಲ ಮಾತು, "ಏ, ನನ್ನ ಫೋನ್ ನೋಡ್ರೋ!" ಹುಡುಗನಿಗೆ ಹದಿನೇಳು ಹದಿನೆಂಟು ವರ್ಷ ಇರಬಹುದು. ಅವನು ಏನೂ ಅನ್ನಲಿಲ್ಲ. ಸುಮ್ಮನೆ ತನ್ನ ತಲೆ ಮುಟ್ಟಿ ನೋಡಿಕೊಂಡ.

ಆ ದಿನದಿಂದ ನಮ್ಮ ಮನೆಯವರಿಗೆ, ಓಣಿಯ ಹುಡುಗರಿಗೆ ಹೇಳುತ್ತ ಬಂದದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಫೋನ್ ಎಲ್ಲಿರಬೇಕು ಅನ್ನೋದನ್ನು ಪಾಳಿಗೆ ನಿಲ್ಲುವ ಮುಂಚೆಯೇ ಗೊತ್ತು ಮಾಡಿಕೊಳ್ಳಿ. ಆಟದಲ್ಲಿ ಕೂತ ಮೇಲೆ ಯೋಚನೆ ಮಾಡಲು ಹೊತ್ತು ಇರಲ್ಲ.

ಹೆಜ್ಜೆ 1: ಹೊರಡುವ ಹಿಂದಿನ ರಾತ್ರಿ

ಮೊದಲು ಫೋನಿನಲ್ಲಿ *#06# ಒತ್ತಿ. 15 ಅಂಕಿಯ ಐಎಂಇಐ ನಂಬರ್, ಅಂದರೆ ಆ ಫೋನಿನ ಗುರುತಿನ ನಂಬರ್ ಬರುತ್ತದೆ. ಎರಡು ಸಿಮ್ ಇದ್ದರೆ ಎರಡು ನಂಬರ್. ಅದನ್ನು ಹಾಳೆಯ ಮೇಲೆ ಬರೆದು ಮನೆಯಲ್ಲಿ ಇಡಿ. ಫೋನ್ ಕಳೆದರೆ ಪೊಲೀಸರು ಮೊದಲು ಕೇಳುವುದು ಇದನ್ನೇ. ಫೋನಿನೊಳಗೇ ಬರೆದಿಟ್ಟರೆ ಏನು ಉಪಯೋಗ, ಅಲ್ವಾ?

ಪಾರ್ಕಿಗೆ ಹೋಗುವವರು ಟಿಕೆಟ್ಟಿನ ಕ್ಯೂಆರ್ ಕೋಡನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಗೇಟಿನ ಹತ್ತಿರ ನೆಟ್‌ವರ್ಕ್ ಕೈಕೊಟ್ಟರೆ ಹಿಂದಿನವರೆಲ್ಲ ನಿಮ್ಮ ಸಲುವಾಗಿ ನಿಲ್ಲಬೇಕಾಗುತ್ತದೆ. ಅದೇ ಸ್ಕ್ರೀನ್‌ಶಾಟನ್ನು ಜೊತೆಗಿರುವ ಇನ್ನೊಬ್ಬರ ಫೋನಿಗೂ ಕಳಿಸಿ.

ಮಕ್ಕಳ ಜೇಬಿನಲ್ಲಿ ನಿಮ್ಮ ನಂಬರ್ ಬರೆದ ಚೀಟಿ ಇರಲಿ. ಲಕ್ಷಗಟ್ಟಲೆ ಜನ ಒಂದೇ ಕಡೆ ಸೇರಿದಾಗ ಕರೆ ಹೋಗುವುದೇ ಕಷ್ಟ. ಫೋನ್ ಇದೆಯಲ್ಲ ಎಂದು ನಂಬಿಕೊಂಡು ಯಾರೂ ಸೇರುವ ಜಾಗ ಹೇಳಿಕೊಳ್ಳುವುದಿಲ್ಲ, ಕೊನೆಗೆ ಒಬ್ಬರಿಗೊಬ್ಬರು ಸಿಗುವುದಿಲ್ಲ. "ಗೇಟ್ ಹತ್ತಿರ ಬಾ" ಅಂದರೆ ಸಾಲದು. "ದಾಸೋಹದ ಕೈ ತೊಳೆಯುವ ನಳದ ಎಡಕ್ಕೆ, ಏಳು ಗಂಟೆಗೆ" ಎಂದು ಹೇಳಿ.

ಹೆಜ್ಜೆ 2: ಫೋನ್ ಕಾಯುವವರು ಯಾರು?

ಪ್ರತಿ ಗುಂಪಿನಲ್ಲೂ ಆಟ ಹತ್ತದವರು ಒಬ್ಬರಾದರೂ ಇರುತ್ತಾರೆ. ಅತ್ತೆಗೆ ತಲೆ ತಿರುಗುತ್ತದೆ, ಅಜ್ಜಿಗೆ ಮೊಣಕಾಲು ನೋವು, ಅಣ್ಣನಿಗೆ ಎತ್ತರ ಅಂದ್ರೆ ಆಗಲ್ಲ. ಅವರಲ್ಲಿ ಒಬ್ಬರ ಹತ್ತಿರ ಎಲ್ಲರ ಫೋನ್ ಕೊಡಿ. ಒಂದು ಬಟ್ಟೆ ಚೀಲ ಸಾಕು. ನಮ್ಮ ಅಜ್ಜಿ ಎಲೆ ಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಗಿಸಿಕೊಂಡರೆ ತೇರಿನ ಗದ್ದಲದಲ್ಲೂ ಅದು ಕದಲುತ್ತಿರಲಿಲ್ಲ. ಅಂಥ ಗಟ್ಟಿ ಕೈಗೆ ಕೊಡಬೇಕು. ಓಡಾಡುವ ಹುಡುಗರಿಗೆ ಬೇಡ.

ಕೊಡುವ ಮುಂಚೆ ಸೈಲೆಂಟ್ ಮಾಡಿ. ಕಾಯುವವರು ಬೇರೆಯವರ ಫೋನಿಗೆ ಬಂದ ಕರೆ ಎತ್ತುವುದು, ಮೆಸೇಜ್ ನೋಡುವುದು ಮಾಡಬಾರದು. ಒಂದೇ ನಂಬರಿನಿಂದ ಬಿಟ್ಟುಬಿಡದೆ ಕರೆ ಬಂದರೆ ಮಾತ್ರ ಎತ್ತಿ, "ಆಟ ಹತ್ಯಾರ್ರಿ, ಹತ್ತು ನಿಮಿಷ ಬಿಟ್ಟು ಮಾಡ್ರಿ" ಎಂದು ಹೇಳಿ ಇಟ್ಟರಾಯಿತು.

ಸೀರೆ ಉಟ್ಟವರ ವಿಷಯ ಬೇರೆಯಾಗಿಯೇ ಹೇಳಬೇಕು. ಜೇಬಿಲ್ಲ, ಹಾಗಾಗಿ ಫೋನ್ ಕೈಯಲ್ಲೇ ಇರುತ್ತದೆ. ಆಟ ಹತ್ತುವಾಗ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಫೋನ್. ಹೀಗೆ ತೊಟ್ಟಿಲಿನೊಳಗೆ ಕಾಲಿಟ್ಟು ತಡವರಿಸಿದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವರ ಜೊತೆ ಬಂದ ಗಂಡಸರು "ಕೊಡ್ರಿ ಇಲ್ಲಿ, ನಾ ಇಟಗೋತೀನಿ" ಎಂದು ಮೊದಲೇ ಕೈ ಚಾಚಬೇಕು.

ಎಲ್ಲರೂ ಹತ್ತುವವರೇ ಆದರೆ? ಪಾರ್ಕುಗಳಲ್ಲಿ ಲಾಕರ್ ಸಿಗುತ್ತದೆ, ಅದಕ್ಕೆ ಕೊಡುವ ದುಡ್ಡು ದಂಡವಲ್ಲ. ಜಾತ್ರೆಯಲ್ಲಿ ಲಾಕರ್ ಇರುವುದಿಲ್ಲ. ಎರಡು ಗುಂಪಾಗಿ, ಒಂದರ ನಂತರ ಒಂದು ಹತ್ತಿ.

ಹೆಜ್ಜೆ 3: ಪಾಳಿಯಲ್ಲಿ

ಇಲ್ಲಿ ಫೋನ್ ನೋಡುವುದರಲ್ಲಿ ತಪ್ಪೇನೂ ಇಲ್ಲ. ಸ್ಪೀಕರ್ ಹಾಕಿ ರೀಲ್ಸ್ ನೋಡುವುದು ಮಾತ್ರ ಬೇಡ. ನಿಮ್ಮ ಹಿಂದೆ ಅರ್ಧ ತಾಸಿನಿಂದ ನಿಂತ ತಾಯಿಯ ಕಂಕುಳಲ್ಲಿ ಕೂಸು ಈಗಷ್ಟೇ ಕಣ್ಣು ಮುಚ್ಚಿರುತ್ತದೆ. ಪಾಳಿ ಮುಂದೆ ಸರಿದಾಗ ತಲೆ ಎತ್ತಿ, ನೀವೂ ಸರಿಯಿರಿ. ಬೋರ್ಡ್ ಇದ್ದರೆ ಓದಿ. ವಯಸ್ಸು, ಎತ್ತರ, ಫೋನ್ ಬಿಡುತ್ತಾರೋ ಇಲ್ಲವೋ ಎಲ್ಲ ಅದರಲ್ಲೇ ಇರುತ್ತದೆ. ಪಾಳಿಯ ತುದಿ ಮುಟ್ಟಿದ ಮೇಲೆ ವಾದ ಮಾಡಿದರೆ ಎಲ್ಲರಿಗೂ ತಡ.

ಹೆಜ್ಜೆ 4: ಹತ್ತುವ ಮುಂಚೆ ಜೇಬು ಮುಟ್ಟಿ ನೋಡಿ

ಫೋನ್ ಕೊಡಲು ಯಾರೂ ಇಲ್ಲ, ಆಟದವರೂ ಬೇಡ ಅಂದಿಲ್ಲ, ಜೊತೆಗೇ ಇರಬೇಕು ಅಂತಾದರೆ ಯಾವ ಜೇಬು ಅನ್ನೋದು ಮುಖ್ಯ.

ಅಂಗಿಯ ಎದೆ ಜೇಬು ಎಲ್ಲಕ್ಕಿಂತ ಕೆಟ್ಟದ್ದು. ಕೊಲಂಬಸ್ ಹಡಗು ತುದಿಗೆ ಹೋಗಿ ಒಂದು ಗಳಿಗೆ ನಿಂತು ತಿರುಗಿ ಇಳಿಯುವಾಗ ಹೊಟ್ಟೆಯಲ್ಲಿ ಝಮ್ ಅನ್ನುತ್ತದಲ್ಲ, ಆಗ ನಿಮ್ಮ ಮೈಯ ಹಾಗೆ ಫೋನೂ ಹಗುರಾಗುತ್ತದೆ. ತೆರೆದ ಜೇಬಿನಿಂದ ತಾನಾಗಿಯೇ ಎದ್ದು ಬರುತ್ತದೆ. ಪ್ಯಾಂಟಿನ ಹಿಂದಿನ ಜೇಬಿನಲ್ಲಿದ್ದರೆ ಕೂತಾಗ ಅರ್ಧ ಹೊರಗೆ. ನೆಹರು ಅಂಗಿಯ ಪಕ್ಕದ ಜೇಬು ಸಡಿಲ, ಅದೂ ಬೇಡ. ಜಿಪ್ ಇರುವ ಮುಂದಿನ ಜೇಬು ಒಂದೇ ಸರಿ.

ಕೊರಳಿಗೆ ದಾರ ಹಾಕಿ ಫೋನ್ ತೂಗುಬಿಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಬ್ರೇಕ್ ಡ್ಯಾನ್ಸಿನಂಥ ಗರಗರ ತಿರುಗುವ ಆಟದಲ್ಲಿ ಆ ಫೋನ್ ಪಕ್ಕದವರ ಹಲ್ಲಿಗೆ ಬಡಿಯಬಹುದು, ದಾರ ಎಲ್ಲಿಯಾದರೂ ಸಿಕ್ಕಿಕೊಂಡರೆ ಕೊರಳಿಗೇ ಕುತ್ತು. ವೇಲು, ಶಾಲಿಗೂ ಇದೇ ಮಾತು. ಫೋನ್ ನೋಡುತ್ತ ಕೂತವರಿಗೆ ತಮ್ಮ ವೇಲಿನ ತುದಿ ತೊಟ್ಟಿಲಿನ ಹೊರಗೆ ಜೋತಾಡುವುದು ಕಾಣುವುದಿಲ್ಲ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಐಫೋನ್ 14 ಮತ್ತು ಅದರ ನಂತರದ ಐಫೋನುಗಳು ಕಾರು ಅಪಘಾತವನ್ನು ತಾವೇ ಗುರುತಿಸಿ ತುರ್ತು ನಂಬರಿಗೆ ಕರೆ ಮಾಡುತ್ತವೆ. 2022ರಲ್ಲಿ ಅಮೆರಿಕದ ಕಿಂಗ್ಸ್ ಐಲ್ಯಾಂಡ್ ಪಾರ್ಕಿನಲ್ಲಿ ರೋಲರ್ ಕೋಸ್ಟರಿನ ಎಳೆತ ಜಗ್ಗಾಟವನ್ನು ಅಪಘಾತ ಎಂದುಕೊಂಡು ಈ ಫೋನುಗಳು 911ಕ್ಕೆ ಕರೆ ಮಾಡಿದ್ದವು. ಫೋನಿನವರು ಮೇಲೆ ಕೂಗಾಡುತ್ತಿದ್ದರು, ಅತ್ತ ತುರ್ತು ಸಿಬ್ಬಂದಿ ಗಾಬರಿಯಾಗಿದ್ದರು. ನಮ್ಮಲ್ಲಿ ತುರ್ತು ನಂಬರ್ 112. ಅಂಥ ಫೋನ್ ಇದ್ದರೆ ಕೆಳಗೆ ಇರುವವರ ಕೈಗೆ ಕೊಟ್ಟು ಹತ್ತಿ. ಜೇಬಲ್ಲೇ ಇರಬೇಕಾದರೆ ಸ್ವಿಚ್ ಆಫ್ ಮಾಡಿ ಹತ್ತಿ.

ಹೆಜ್ಜೆ 5: ಆಟ ನಡೆಯುವಾಗ

ಫೋನ್ ತೆಗೆಯಬೇಡಿ. ಈ ಮಾತಿಗೆ ಕಾರಣ ಕೊಡದಿದ್ದರೆ ಹುಡುಗರು ಕೇಳುವುದಿಲ್ಲ, ನಾನೂ ಕೇಳುತ್ತಿರಲಿಲ್ಲ. ಲೆಕ್ಕ ನೋಡಿ. 15 ಮೀಟರ್ ಎತ್ತರದಿಂದ ಬಿದ್ದ ಫೋನ್ ಎರಡು ಸೆಕೆಂಡಿನ ಒಳಗೆ ನೆಲ ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 60 ಕಿ.ಮೀ. ಈಗಿನ ಫೋನುಗಳ ತೂಕ ಹೆಚ್ಚುಕಡಿಮೆ 200 ಗ್ರಾಂ. ಸಂತೆಯಲ್ಲಿ ತಕ್ಕಡಿಗೆ ಹಾಕುವ 200 ಗ್ರಾಮಿನ ಕಬ್ಬಿಣದ ಬಟ್ಟನ್ನು ಓಡುವ ಬಸ್ಸಿನ ವೇಗದಲ್ಲಿ ಯಾರದೋ ನೆತ್ತಿಗೆ ಎಸೆದ ಹಾಗೆ. "ಕೂಗಿ ಹೇಳ್ತೀನಿ, ಸರೀತಾರೆ" ಅನ್ನುವಂತಿಲ್ಲ. ನಿಮ್ಮ ಕೂಗು ಕೇಳಿ ಅವರು ತಲೆ ಎತ್ತುವಷ್ಟರಲ್ಲಿ ಅದು ಬಿದ್ದಿರುತ್ತದೆ. ತಲೆ ಎತ್ತಿದರೆ ಮುಖಕ್ಕೇ.

ಜಾಯಿಂಟ್ ವೀಲಿನಲ್ಲಿ ಫೋನ್ ಜಾರುವುದು ಜೋರಾಗಿ ತಿರುಗುವಾಗ ಅಂತ ನಾನು ಮೊದಲು ಅಂದುಕೊಂಡಿದ್ದೆ. ಕೊಂಡಿ ಹಾಕುವ ಹುಡುಗರನ್ನು ಕೇಳಿದಾಗ ಅವರು ಹೇಳಿದ್ದು ಬೇರೆ. ಕೆಳಗೆ ಜನ ಹತ್ತಿ ಇಳಿಯಲು ಚಕ್ರ ನಿಲ್ಲಿಸುತ್ತಾರೆ. ಆಗ ತುದಿಯಲ್ಲಿ ಕೂತವರಿಗೆ "ನಿಂತಿದೆ, ಈಗ ಒಂದು ಫೋಟೊ" ಅನ್ನಿಸುತ್ತದೆ. ಕೆಳಗೆ ಜಾತ್ರೆಯ ದೀಪ, ದೂರದಲ್ಲಿ ಗುಡ್ಡ, ಎಂಥವರಿಗೂ ಆಸೆ ಆಗುತ್ತದೆ. ಫೋನ್ ತೆಗೆದು ಕೈ ಹೊರಗೆ ಚಾಚಿದ ಹೊತ್ತಿಗೆ ಸರಿಯಾಗಿ ಚಕ್ರ ಜಗ್ಗುತ್ತದೆ. ಆ ಜಗ್ಗಿಗೆ ತೊಟ್ಟಿಲು ತೂಗಾಡುತ್ತದೆ, ಫೋನ್ ಹೋಗುತ್ತದೆ. ಹಾಗಾಗಿ ಚಕ್ರ ನಿಂತಾಗಲೇ ಜಾಸ್ತಿ ಎಚ್ಚರ ಬೇಕು. ನಿಂತದ್ದು ಚಕ್ರ ಅಷ್ಟೇ, ಆಟ ಮುಗಿದಿಲ್ಲ.

ಪಾರ್ಕಿನ ರೋಲರ್ ಕೋಸ್ಟರ್ ಇದಕ್ಕಿಂತ ಕಠಿಣ. ನಮ್ಮ ಕಡೆಯಿಂದ ಶಾಲೆ ಕಾಲೇಜಿನ ಟೂರು ಹೋಗುವುದು ಬೆಂಗಳೂರಿನ ಹತ್ತಿರ ಬಿಡದಿಯ ವಂಡರ್‌ಲಾಗೆ. ಅದು ಶುರುವಾದದ್ದು 2005ರಲ್ಲಿ. 2016ರಲ್ಲಿ ಹೈದರಾಬಾದಿನಲ್ಲೂ ಒಂದು ಆಯಿತು. ರಾಯಚೂರಿನವರಿಗೆ ಅದೇ ಹತ್ತಿರ. ಇಂಥ ಕಡೆ ದೊಡ್ಡ ಆಟಗಳು ತಲೆಕೆಳಗು ಮಾಡುತ್ತವೆ, ಹಿಂದಕ್ಕೆ ಎಳೆಯುತ್ತವೆ. ಇಳಿದು ಮೇಲೇರುವ ತಿರುವಿನಲ್ಲಿ ಮೈಭಾರ ಮೂರು ಪಟ್ಟು ಆದಂತೆ ಅನ್ನಿಸಿದರೆ, 200 ಗ್ರಾಂ ಫೋನ್ ಕೈಗೆ 600 ಗ್ರಾಂ ಆಗುತ್ತದೆ. ಬೆರಳು ಬಿಗಿ ಹಿಡಿದಿದ್ದೇನೆ ಅಂದುಕೊಂಡರೂ ಬಿಡಿಸಿಕೊಂಡು ಹೋಗುತ್ತದೆ. ಕೈಬಿಟ್ಟ ಫೋನ್ ಹಿಂದಿನ ಸೀಟಿನವರ ಮುಖದ ಎತ್ತರದಲ್ಲೇ ಹಾರುತ್ತದೆ.

ಸೆಲ್ಫಿ ಕೋಲಿನ ಕತೆಯೂ ಇದೆ. 2015ರ ಜೂನಿನಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿ ಪಾರ್ಕಿನಲ್ಲಿ ಒಬ್ಬರು ರೋಲರ್ ಕೋಸ್ಟರಿನ ಮೇಲೆ ಕೋಲು ಹೊರತೆಗೆದರು. ಆಟವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅದೇ ತಿಂಗಳ ಕೊನೆಯಿಂದ ಡಿಸ್ನಿ ತನ್ನ ಅಮೆರಿಕದ ಪಾರ್ಕುಗಳೊಳಗೆ ಸೆಲ್ಫಿ ಕೋಲನ್ನೇ ಬಿಡುವುದನ್ನು ನಿಲ್ಲಿಸಿತು. ಒರ್ಲಾಂಡೊದ ಯೂನಿವರ್ಸಲ್ ಪಾರ್ಕಿನಲ್ಲಂತೂ ಕೆಲವು ದೊಡ್ಡ ಕೋಸ್ಟರ್ ಹತ್ತುವ ಮುಂಚೆ ವಿಮಾನ ನಿಲ್ದಾಣದಂತೆ ಮೆಟಲ್ ಡಿಟೆಕ್ಟರ್ ದಾಟಬೇಕು, ಫೋನ್ ಲಾಕರಿನಲ್ಲಿ ಇಟ್ಟೇ ಹೋಗಬೇಕು. ನಮ್ಮ ಜಾತ್ರೆಯಲ್ಲಿ ತಡೆಯುವ ಯಂತ್ರ ಇಲ್ಲ. ಕೋಲನ್ನು ನಾವೇ ಮನೆಯಲ್ಲಿ ಬಿಟ್ಟು ಬರಬೇಕು.

ಮರಣಬಾವಿಯ ಬಗ್ಗೆ ಒಂದು ಮಾತು. ಹಲಗೆಯ ಗೋಡೆಯ ಮೇಲೆ ಬೈಕು, ಕಾರು ಸುತ್ತುತ್ತ ಮೇಲೇರುವಾಗ ನಾವು ನಿಂತ ಅಟ್ಟ ಅಲುಗುತ್ತಿರುತ್ತದೆ. ಜನ ಅಂಚಿಗೆ ಬಗ್ಗಿ ಫೋನ್ ಬಾವಿಯೊಳಗೆ ಚಾಚುತ್ತಾರೆ. ಬೈಕಿನವನು ಕೈ ಬಿಟ್ಟು ನೋಟು ಇಸಿದುಕೊಳ್ಳುವುದು ಅದೇ ಅಂಚಿನಲ್ಲಿ. ಅವನ ಚಕ್ರದ ಮುಂದೆ ಒಂದು ಫೋನ್ ಬಿದ್ದರೆ? ಅವನಿಗೆ ಬ್ರೇಕ್ ಹಾಕಲು ಆಗುವುದಿಲ್ಲ. ಅವನನ್ನು ಗೋಡೆಗೆ ಹಿಡಿದಿಟ್ಟಿರುವುದೇ ಆ ವೇಗ. ದಯವಿಟ್ಟು ಅಲ್ಲಿ ಫೋನ್ ಎದೆಗೆ ಒತ್ತಿ ಹಿಡಿಯಿರಿ, ಇಲ್ಲ ಜೇಬಲ್ಲಿ ಇಡಿ.

ಹೆಜ್ಜೆ 6: ಬಿದ್ದೇ ಬಿಟ್ಟರೆ

ಬೇಲಿ ದಾಟಬೇಡಿ. ಇದೊಂದನ್ನು ಮಕ್ಕಳಿಗೆ ಎರಡು ಸಲ ಹೇಳಿ.

2015ರ ಆಗಸ್ಟಿನಲ್ಲಿ ಅಮೆರಿಕದ ಒಹಾಯೊ ರಾಜ್ಯದ ಸೀಡರ್ ಪಾಯಿಂಟ್ ಪಾರ್ಕಿನಲ್ಲಿ ಒಬ್ಬರು ರ‍್ಯಾಪ್ಟರ್ ಅನ್ನುವ ಕೋಸ್ಟರ್ ಹತ್ತಿ ಇಳಿದರು. ಪರ್ಸು, ಫೋನ್ ಬಿದ್ದುಹೋಗಿದ್ದವು. ಹುಡುಕಲು ಬೇಲಿಯೊಳಗೆ ಹೋದರು. ಆ ಆಟದಲ್ಲಿ ಕೂತವರ ಕಾಲು ಕೆಳಗೆ ಜೋತಾಡುತ್ತಿರುತ್ತದೆ. ಓಡುತ್ತಿದ್ದ ಕೋಸ್ಟರ್ ಬಡಿದು ಅವರು ತೀರಿಕೊಂಡರು. ಅವರಿಗೆ 45 ವರ್ಷ.

ನಮ್ಮ ಜಾಯಿಂಟ್ ವೀಲಿನ ಸುತ್ತ ಎಷ್ಟೋ ಕಡೆ ಬೇಲಿ ಅಂದರೆ ಒಂದು ಹಗ್ಗ, ನಾಲ್ಕು ಬೊಂಬು. ದಾಟುವುದು ಸುಲಭ, ಅದಕ್ಕೇ ಅಪಾಯ ಜಾಸ್ತಿ. ಫೋನ್ ಬಿದ್ದರೆ ಕೂತಲ್ಲೇ ಕೂತಿರಿ. ಎದ್ದು ನಿಲ್ಲಬೇಡಿ, ತೊಟ್ಟಿಲಿನಿಂದ ಬಗ್ಗಬೇಡಿ. ಇಳಿದ ಮೇಲೆ ಆಟದವರಿಗೆ ಹೇಳಿ. ಅವರು ಚಕ್ರ ನಿಂತಾಗ ತಂದುಕೊಡುತ್ತಾರೆ. ತಂದುಕೊಟ್ಟವರಿಗೆ ಚಹಾದ ದುಡ್ಡು ಕೊಡಿ. ಮೊದಲು "ಯಾರಿಗೂ ಬಡೀಲಿಲ್ಲ ಹೌದಿಲ್ರಿ?" ಎಂದು ಕೇಳಿ.

ಹೆಜ್ಜೆ 7: ನೀರಿನಾಟ

ಬಳ್ಳಾರಿ, ರಾಯಚೂರಿನ ಬೇಸಿಗೆ ಗೊತ್ತಲ್ಲ. ನೀರು ಕಂಡರೆ ಎಲ್ಲರಿಗೂ ಇಳಿಯುವ ಆಸೆ. ಫೋನ್ ವಾಟರ್‌ಪ್ರೂಫ್ ಅಂತ ಅಂಗಡಿಯವರು ಹೇಳಿರುತ್ತಾರೆ. ಫೋನ್ ಎಷ್ಟು ನೀರು ತಡೆಯುತ್ತದೆ ಅನ್ನೋದಕ್ಕೆ ಒಂದು ಗುರುತು ಇರುತ್ತದೆ. ಐಪಿ67 ಅಂದರೆ ನಿಂತ ಸಿಹಿನೀರಿನಲ್ಲಿ 1 ಮೀಟರ್ ಆಳ, 30 ನಿಮಿಷ. ಕೊಳದ ಕ್ಲೋರಿನ್ ನೀರಿಗೆ, ಜಾರುಬಂಡಿಯಿಂದ ಬಂದು ಬಡಿಯುವ ಹೊಡೆತಕ್ಕೆ ಆ ಲೆಕ್ಕ ಅಲ್ಲ. ಒಳಗೆ ನೀರು ಹೊಕ್ಕರೆ ವಾರಂಟಿಯೂ ಸಾಮಾನ್ಯವಾಗಿ ಬರುವುದಿಲ್ಲ. ಒದ್ದೆಯಾದರೆ ಅಕ್ಕಿ ಡಬ್ಬಿಯಲ್ಲಿ ಇಡುವ ರೂಢಿ ಇದೆ. ಅದು ಬೇಡ ಎಂದು ಆಪಲ್ ಕಂಪನಿ 2024ರಲ್ಲಿ ಹೇಳಿದೆ, ಅಕ್ಕಿಯ ಸಣ್ಣ ಪುಡಿ ಒಳಗೆ ಸೇರುತ್ತದೆ ಅಂತ. ಗಾಳಿ ಆಡುವ ಕಡೆ ಒಣಗಲು ಬಿಡಿ, ಅಷ್ಟೊತ್ತು ಚಾರ್ಜಿಗೆ ಹಾಕಬೇಡಿ.

ಫೋನ್ ಹಾಳಾಗುವುದು ನಿಮ್ಮ ನಷ್ಟ. ನೀರಿನ ಹತ್ತಿರ ಕ್ಯಾಮೆರಾ ತೆಗೆಯುವುದು ಬೇರೆಯವರ ನಷ್ಟ. ಒದ್ದೆ ಬಟ್ಟೆಯಲ್ಲಿರುವ ಹೆಣ್ಣುಮಕ್ಕಳು ನಿಮ್ಮ ವಿಡಿಯೊದ ಹಿಂದೆ ಬರುತ್ತಾರೆ, ಅವರಿಗೆ ಗೊತ್ತೇ ಇರುವುದಿಲ್ಲ. ಬಟ್ಟೆ ಬದಲಿಸುವ ಕೋಣೆಯೊಳಗೆ ಫೋನ್ ಕೈಯಲ್ಲಿ ಹಿಡಿಯಲೇಬೇಡಿ, ಕರೆ ಬಂದರೂ ಹೊರಗೆ ಬಂದು ಮಾತಾಡಿ. ಹೆಣ್ಣುಮಕ್ಕಳನ್ನು ಅಂಥ ಖಾಸಗಿ ಹೊತ್ತಿನಲ್ಲಿ ಕದ್ದು ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಅಪರಾಧ. ಮೊದಲ ಸಲಕ್ಕೇ ಒಂದು ವರ್ಷಕ್ಕೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಜೈಲು. ಯಾರಾದರೂ ಹಾಗೆ ಮಾಡುವುದು ಕಂಡರೆ ಸುಮ್ಮನಿರದೆ ಸಿಬ್ಬಂದಿಗೆ ಹೇಳಿ, 112ಕ್ಕೆ ಕರೆ ಮಾಡಿ.

ಹೆಜ್ಜೆ 8: ಕತ್ತಲಲ್ಲಿ ನಡೆಯುವ ಆಟಗಳು

ನನ್ನ ಮನಸ್ಸಿಗೆ ಹತ್ತಿರದ ಭಾಗ ಇದು, ಸ್ವಲ್ಪ ಉದ್ದ ಆಗುತ್ತದೆ.

ತೊಗಲುಗೊಂಬೆ ಆಟದಿಂದ ಶುರು ಮಾಡೋಣ. ಕೊಪ್ಪಳ ತಾಲ್ಲೂಕಿನ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ನಮ್ಮ ಹುಡುಗರಿಗೂ ಈ ಆಟದ ಮೇಲೆ ಆಸೆ ಮೂಡಿದೆ, ನೋಡಲು ಬರುತ್ತಾರೆ. ಬಂದವರು ಫೋನ್ ಎತ್ತುತ್ತಾರೆ. ತೊಗಲುಗೊಂಬೆ ಹೇಗೆ ಕಾಣುತ್ತದೆ ಅನ್ನೋದು ಗೊತ್ತಿದ್ದರೆ ಹಾಗೆ ಫ್ಲ್ಯಾಶ್ ಹಾಕುತ್ತಿರಲಿಲ್ಲ.

ತೊಗಲನ್ನು ಬೆಳಕು ತೂರುವಷ್ಟು ತೆಳ್ಳಗೆ ಹದ ಮಾಡಿ, ಕೊರೆದು, ಬಣ್ಣ ಹಾಕಿರುತ್ತಾರೆ. ಮುಂದೆ ಬಿಳಿ ಪರದೆ, ಹಿಂದೆ ದೀಪ. ದೀಪದ ಬೆಳಕು ಗೊಂಬೆಯನ್ನು ಹಾಯ್ದು ಪರದೆಗೆ ಬಂದಾಗಲೇ ಆ ಕೆಂಪು, ಆ ಹಸಿರು ನಮಗೆ ಕಾಣುವುದು. ಮುಂದಿನಿಂದ ಬೆಳಕು ಬಿದ್ದರೆ ಪರದೆ ಬರೀ ಬಿಳಿ ಬಟ್ಟೆ ಆಗುತ್ತದೆ. ಗೊಂಬೆ ಅಳಿಸಿಹೋಗುತ್ತದೆ.

ಒಂದು ಹಳ್ಳಿಯ ಗುಡಿಯ ಕಟ್ಟೆಯ ಮುಂದೆ ಇದನ್ನು ಕಣ್ಣಾರೆ ಕಂಡೆ. ಹನುಮಂತ ಲಂಕೆಗೆ ಹಾರುವ ಹೊತ್ತು. ಪರದೆಯ ಎಡಗಡೆಯಿಂದ ಕೆಂಪು ಹನುಮಂತ ಬಾಲ ಅಲುಗಿಸುತ್ತ ಮೇಲೇಳುತ್ತಿದ್ದ. ಮದ್ದಳೆ ಬಿರುಸಾಗಿತ್ತು. ಮುಂದಿನ ಸಾಲಿನ ಒಬ್ಬರು ವಿಡಿಯೊಗೆ ಅಂತ ಟಾರ್ಚ್ ಹಾಕಿದರು. ಪರದೆಯ ಆ ಮೂಲೆ ಬೆಳ್ಳಗಾಯಿತು, ಹನುಮಂತನ ಬಾಲದ ತುದಿ ಮಾತ್ರ ಉಳಿಯಿತು. ನೆಲದ ಮೇಲೆ ಕೂತಿದ್ದ ಹುಡುಗಿಯೊಬ್ಬಳು ಎದ್ದು ಕೂಗಿದಳು: "ಏ ಯಣ್ಣಾ, ಲೈಟ್ ಆರಿಸೋ, ಹನಮಪ್ಪ ಕಾಣವಲ್ಲ!" ಅವರು ಆರಿಸಿದರು. ಅವರ ಫೋನಿನಲ್ಲಿಯೂ ಬರೀ ಬಿಳಿ ಬಟ್ಟೆ ಬಂದಿತ್ತು. ಪರದೆ ಆಟದಲ್ಲಿ ಫ್ಲ್ಯಾಶ್ ಹಾಕಿದವರಿಗೂ ಚಿತ್ರ ಸಿಗುವುದಿಲ್ಲ. ಹಾಗಾಗಿ ಮೊದಲೇ ಕ್ಯಾಮೆರಾದಲ್ಲಿ ಫ್ಲ್ಯಾಶನ್ನು ಆಟೋದಲ್ಲಿ ಬಿಡದೆ ಪೂರ್ತಿ ಆಫ್ ಮಾಡಿಟ್ಟುಕೊಳ್ಳಿ.

ಸ್ಕ್ರೀನಿನ ಬೆಳಕೂ ಅಷ್ಟೇ. ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಪೂರ್ತಿ ಹೊಂದಿಕೊಳ್ಳಲು 20 ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ವಾಟ್ಸಾಪ್ ತೆರೆದರೆ ನಿಮ್ಮ ಕಣ್ಣೂ ಹೋಯಿತು, ಹಿಂದೆ ಕೂತ ನಾಲ್ಕು ಜನರ ಕಣ್ಣೂ ಹೋಯಿತು. ತುಂಗಭದ್ರಾ ಡ್ಯಾಮಿನ ತೋಟದ ಸಂಗೀತ ಕಾರಂಜಿಯಾಗಲಿ, ಪಾರ್ಕಿನ ಲೇಸರ್ ಶೋ ಆಗಲಿ, ಕತ್ತಲೇ ಅದರ ಅಂದ. ನೋಡಲೇಬೇಕಾದರೆ ಬ್ರೈಟ್‌ನೆಸ್ ತೀರಾ ಕೆಳಗೆ ಇಳಿಸಿ, ಫೋನನ್ನು ತೊಡೆಯ ಮೇಲೆ ಇಟ್ಟು ನೋಡಿ. ತಲೆಯ ಮೇಲೆ ಎತ್ತಿದರೆ ಹಿಂದಿನ ಮಗುವಿಗೆ ಕಾರಂಜಿಯ ಬದಲು ನಿಮ್ಮ ಸ್ಕ್ರೀನೇ ಕಾಣುವುದು.

ಬಯಲಾಟ, ನಾಟಕದ ರೀತಿ ಬೇರೆ. ದೊಡ್ಡಾಟ ರಾತ್ರಿಯಿಡೀ ನಡೆಯುತ್ತದೆ. ಆಡುವವರು ನಮ್ಮೂರಿನವರೇ. ಹಗಲು ಹೊಲದಲ್ಲಿ ದುಡಿದು, ರಾತ್ರಿ ಮಾಸ್ತರರ ಮುಂದೆ ತಿಂಗಳುಗಟ್ಟಲೆ ಕಲಿತಿರುತ್ತಾರೆ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಕುಣಿಯುವಾಗ ಒಂದು ಮಾತು ತಪ್ಪಿದರೆ ಎದುರು ಪಾತ್ರದವರೂ ತಡವರಿಸುತ್ತಾರೆ. ಅಂಥ ಹೊತ್ತಿನಲ್ಲಿ ಮುಂದಿನ ಸಾಲಿನ ಫೋನು ರಿಂಗಾದರೆ ಅದು ಮೈಕಿಗೂ ಕೇಳುತ್ತದೆ. ವೈಬ್ರೇಟ್ ಸಾಲದು, ಕುರ್ಚಿಯ ಮೇಲಿಟ್ಟ ಫೋನ್ ವೈಬ್ರೇಟ್ ಆದರೆ ಅದೂ ಒಂದು ಸದ್ದೇ. ಪೂರ್ತಿ ಸೈಲೆಂಟ್ ಮಾಡಿ. ಮನೆಯಲ್ಲಿ ಬಾಣಂತಿ ಇದ್ದಾರೆ, ಆಸ್ಪತ್ರೆಯಲ್ಲಿ ಯಾರೋ ಇದ್ದಾರೆ, ಕರೆ ಎತ್ತಲೇಬೇಕು ಅನ್ನುವವರು ಸಾಲಿನ ತುದಿಗೆ ಕೂತುಕೊಳ್ಳಿ. ಬಂದಾಗ ಎದ್ದು ದೂರ ಹೋಗಿ ಮಾತಾಡಬಹುದು.

ನಮ್ಮ ಕಡೆ ಆಯೇರಿ ಮಾಡುವ ಪದ್ಧತಿ ಇದೆ. ಪಾತ್ರಧಾರಿಗೆ ನೋಟು ಚುಚ್ಚುವುದು, ಶಾಲು ಹೊದಿಸುವುದು. ಒಳ್ಳೆಯ ಪದ್ಧತಿ, ಕಲಾವಿದರಿಗೆ ಆಸರೆ. ಆದರೆ ಈಗ ಆಯೇರಿ ಮಾಡುವವರ ಹಿಂದೆ ಫೋಟೊ ತೆಗೆಯುವವರು ಮೂರು ಜನ ಸ್ಟೇಜ್ ಹತ್ತುತ್ತಾರೆ. ದುಃಖದ ಸನ್ನಿವೇಶದಲ್ಲಿ ಅಳುತ್ತಿದ್ದ ಪಾತ್ರದವರು ಕಣ್ಣೀರು ನಿಲ್ಲಿಸಿ ಕ್ಯಾಮೆರಾ ಕಡೆ ನೋಡಬೇಕು. ಆಯೇರಿಯನ್ನು ಸನ್ನಿವೇಶ ಮುಗಿದ ಮೇಲೆ ಕೊಡಿ. ಫೋಟೊ ಕೆಳಗಿನಿಂದ ಒಬ್ಬರು ತೆಗೆದರೆ ಸಾಕು.

ಇಡೀ ನಾಟಕವನ್ನು ಲೈವ್ ಬಿಡುವುದು, ಯೂಟ್ಯೂಬಿಗೆ ಏರಿಸುವುದು ಬೇರೆಯೇ ಮಾತು. ಟಿಕೆಟ್ ಇಟ್ಟು ಆಡುವ ನಾಟಕ ಕಂಪನಿಗೆ ನಾಳೆಯ ಊಟ ಆ ಟಿಕೆಟ್ಟಿನಿಂದ. ನೀವು ಪೂರ್ತಿ ಆಟ ಮೊಬೈಲಿಗೆ ಹಾಕಿದರೆ ಮುಂದಿನೂರಿನವರು ಟಿಕೆಟ್ ಯಾಕೆ ತಗೋತಾರೆ? 1957ರ ಕಾಪಿರೈಟ್ ಕಾಯ್ದೆ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕು ಕೊಟ್ಟಿದೆ. ಒಂದರ್ಧ ನಿಮಿಷದ ತುಣುಕು ಹಾಕುವುದಿದ್ದರೂ ಕಂಪನಿಯ ಮಾಲೀಕರನ್ನು ಕೇಳಿ. ಎಷ್ಟೋ ಜನ ಖುಷಿಯಿಂದ ಒಪ್ಪುತ್ತಾರೆ, ನಾಟಕದ ಹೆಸರು, ನಡೆಯುವ ಜಾಗ ಬರೆಯಿರಿ ಅನ್ನುತ್ತಾರೆ. ಅದರಿಂದ ನಾಲ್ಕು ಜನ ಜಾಸ್ತಿ ಬಂದರೆ ಅವರಿಗೂ ಲಾಭ.

ಹೆಜ್ಜೆ 9: ಫೋಟೊ ಬೇಕೇ ಬೇಕು ಅಂದ್ರೆ

ನೆನಪಿಗೆ ಚಿತ್ರ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ಅಮ್ಮ ಜಾಯಿಂಟ್ ವೀಲಿನಲ್ಲಿ ಕೂತು ನಗುವ ಒಂದೇ ಒಂದು ಚಿತ್ರ ನನ್ನ ಹತ್ತಿರ ಇದೆ, ಅದನ್ನು ಕೆಳಗೆ ನಿಂತ ಚಿಕ್ಕಪ್ಪ ತೆಗೆದದ್ದು. ಚಂದದ ಚಿತ್ರ ಬರುವುದೇ ಕೆಳಗಿನಿಂದ. ಕಾಯುವವರು ಹಗ್ಗದ ಹೊರಗೆ ನಿಂತು, ತೊಟ್ಟಿಲು ಕೆಳಗಿನಿಂದ ಮೇಲೇಳುವ ಕಡೆ ಕ್ಯಾಮೆರಾ ಹಿಡಿಯಲಿ. ಮುಖ ಹತ್ತಿರ ಇರುತ್ತದೆ, ಬೆಳಕೂ ಸಿಗುತ್ತದೆ. ಬಟನ್ ಒತ್ತಿ ಹಿಡಿದು ಸಾಲಾಗಿ ಹತ್ತು ಚಿತ್ರ ತೆಗೆದರೆ ಒಂದಾದರೂ ಚಂದ ಬರುತ್ತದೆ. ಹತ್ತುವವರು ತೊಟ್ಟಿಲಿನಲ್ಲಿ ಕೂತು ಕೊಂಡಿ ಬಿದ್ದ ಮೇಲೆ, ಚಕ್ರ ಕದಲುವ ಮುಂಚೆ ಒಂದು ಫೋಟೊ ಆಗಲಿ. ಅದನ್ನೂ ಕೆಳಗಿನವರೇ ತೆಗೆಯಲಿ.

ಹೆಜ್ಜೆ 10: ಬೇರೆಯವರಿಗೆ ಹೇಳುವುದು ಹೇಗೆ

ಇದು ಎಲ್ಲರಿಗೂ ಕಷ್ಟ. ಜೋರಾಗಿ ಗದರಿದರೆ ಜಗಳ, ಸುಮ್ನೆ ಇದ್ದರೆ ಆಟ ಹಾಳು. ನನ್ನ ಅನುಭವದಲ್ಲಿ ಅವರ ತಪ್ಪು ಹೇಳುವುದಕ್ಕಿಂತ ನಮ್ಮ ಕಷ್ಟ ಹೇಳಿದರೆ ಬೇಗ ಕೇಳುತ್ತಾರೆ. "ಅಣ್ಣಾರ, ನಮ್ಮ ಹುಡುಗಿಗೆ ಕಾಣವಲ್ದು, ಸ್ವಲ್ಪ ಕೆಳಗ ಹಿಡೀರಿ." "ಅಕ್ಕಾರ, ಬೆಳಕು ಕಣ್ಣಿಗೆ ಬರಾಕತ್ತೈತ್ರಿ." ಹಿರಿಯರಿದ್ದರೆ "ಯಜಮಾನ್ರ" ಎಂದು ಕರೆದು, ಬೇಕಿದ್ದರೆ "ತರ್ರಿ, ನಾ ಸೈಲೆಂಟ್ ಮಾಡಿ ಕೊಡ್ತೀನಿ" ಅನ್ನಿ. ಎಷ್ಟೋ ಹಿರಿಯರಿಗೆ ಸದ್ದು ನಿಲ್ಲಿಸುವುದು ಹೇಗೆ ಅಂತ ಗೊತ್ತಿರುವುದಿಲ್ಲ, ಮುಜುಗರಕ್ಕೆ ಕೇಳುವುದಿಲ್ಲ. ಆದರೆ ಆಟ ನಡೆಯುವಾಗ ಎತ್ತರದಲ್ಲಿ ಯಾರಾದರೂ ಫೋನ್ ಹೊರಗೆ ಚಾಚಿದ್ದು ಕಂಡರೆ ಮೇಲಕ್ಕೆ ಕೂಗಬೇಡಿ. ಅವರು ಬೆಚ್ಚಿ ಬಿಟ್ಟಾರು. ಆಟ ನಡೆಸುವವರಿಗೆ ಹೇಳಿ, ಕೆಳಗೆ ನಿಂತವರನ್ನು ಮೊದಲು ಸರಿಸಿ.

ಹೆಜ್ಜೆ 11: ಕಳೆದರೆ, ಸಿಕ್ಕರೆ

ಕಳೆದರೆ ಮೊದಲು ಇನ್ನೊಬ್ಬರ ಫೋನಿನಿಂದ ಕರೆ ಮಾಡಿ. ಎತ್ತದಿದ್ದರೆ ತಡ ಮಾಡದೆ ಸಿಮ್ ಬ್ಲಾಕ್ ಮಾಡಿಸಿ, ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ. ಖಾತೆಯಿಂದ ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಪೊಲೀಸರಿಗೆ ದೂರು ಕೊಟ್ಟು, ಅದರ ನಂಬರಿನ ಜೊತೆ ಕೇಂದ್ರ ಸರ್ಕಾರದ ಸಂಚಾರ ಸಾಥಿ ಪೋರ್ಟಲಿನಲ್ಲಿ ಐಎಂಇಐ ಹಾಕಿದರೆ ಫೋನ್ ದೇಶದ ಯಾವ ನೆಟ್‌ವರ್ಕಿನಲ್ಲೂ ಕೆಲಸ ಮಾಡದಂತೆ ತಡೆಯಬಹುದು. ಮೊದಲ ರಾತ್ರಿ ಬರೆದಿಟ್ಟ ಹಾಳೆ ಈಗ ಬೇಕಾಗುತ್ತದೆ.

ಬೇರೆಯವರ ಫೋನ್ ನಿಮಗೆ ಸಿಕ್ಕರೆ ಲಾಕ್ ತೆಗೆಯಲು ನೋಡಬೇಡಿ, ಸ್ವಿಚ್ ಆಫ್ ಮಾಡಬೇಡಿ. ಆಫ್ ಮಾಡಿದರೆ ಅವರು ಹುಡುಕುವ ದಾರಿಯೇ ಮುಚ್ಚುತ್ತದೆ. ಆ ಆಟ ನಡೆಸುವವರಿಗೆ ತೋರಿಸಿ, ಮೈಕಿನಲ್ಲಿ ಹೇಳಿಸಿ. ಸ್ವಲ್ಪ ಹೊತ್ತಿಗೆ ಸ್ಕ್ರೀನಿನ ಮೇಲೆ "ಅವ್ವ" ಎಂದೋ "ಮನಿ" ಎಂದೋ ಕರೆ ಬರುತ್ತದೆ. ಎತ್ತಿ, ನೀವು ನಿಂತ ಜಾಗ ಹೇಳಿ. ಅವರು ಬರುವವರೆಗೆ ಅಲ್ಲೇ ನಿಂತಿರಿ.